ಅಪ್ಪನ ಕೆಮ್ಮು

ಜೂನ್ ೩, ಬೆಳಿಗ್ಗೆ ೮
ನೆರೆದ ಮಹಾಜನರೇ, ಗುಗುಲೇತು ಬಡಾವಣೆಯ ಗಣ್ಯರೇ, ಸದ್ದಡಗಲಿ! ಎಂಟು ಗಂಟೆಯ ಮಾತ್ರೆಗಳ ರಂಗಪ್ರವೇಶ! ತಂಗಿ ವುಯೆಲ್ವಾ ಕೊಟ್ಟ ಕಿಡ್ನಿಯನ್ನು ಈ ಮೈ ಹೊರದಬ್ಬದಂತೆ ಕಾಯುವ ಭಟರು. ಹದಿನಾಲ್ಕನೇ ತಿಂಗಳು. ನುಂಗಿದೆ. ಕೆಮ್ಮಿದೆ. ಎರಡು ಗಿಡ್ಡ, ಒಂದು ಉದ್ದ. ನನ್ನ ಕೆಮ್ಮು ಹೀಗಿರಲಿಲ್ಲ… ಎಲ್ಲೋ ಕೇಳಿದ್ದೇನೆ.

ಜೂನ್ ೯
ಕಿಡ್ನಿ ಕ್ಲಿನಿಕ್. ಡಾಕ್ಟರಮ್ಮ ಕೇಳಿದರು, "ಕೆಮ್ಮು? ಜ್ವರ? ಬೆವರು?"
"ಇಲ್ಲವೇ ಇಲ್ಲ!"
ಹೆಣವಾಗಿ ಮಲಗಿ ಇಡೀ ಅಂಕ ಅಲುಗದ ನಟ ನಾನು. ಹತ್ತು ನಿಮಿಷ ಕೆಮ್ಮು ತಡೆಯಲಾರೆನೇ? ಕ್ಲಿನಿಕ್ಕಿನ ಸಾಲಿನಲ್ಲಿ ನನ್ನ ಪಕ್ಕ ಕೂರುವ ಡುಮಿಲೆ, ಅವನಿಗೂ ಬೇರೆಯವರ ಕಿಡ್ನಿಯೇ, ಅವನಿಗೆ ಟಿಬಿ ಬಂತು. ಟಿಬಿ ಮಾತ್ರೆ ಭಟರ ಬಲ ತಿಂದಿತು, ಕಿಡ್ನಿ ಹೋಯಿತು. ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್. ವುಯೆಲ್ವಾಳ ಬಳಿ ಕೊಡಲು ಇನ್ನೊಂದಿಲ್ಲ.

ಜೂನ್ ೨೧, ಮಧ್ಯಾಹ್ನ
ಕೋಣೆಯಲ್ಲಿ ಕೆಮ್ಮಿದೆ. ಅಡುಗೆಮನೆಯಿಂದ ಅಮ್ಮ, "ರಾದೆಬೆ, ಶಿಫ್ಟ್ ಮುಗೀತಾ? ಬೂಟು ಹೊರಗೇ ಬಿಡಿ."
ಅದು ಅಮ್ಮ ಅಪ್ಪನನ್ನು ಕರೆಯುತ್ತಿದ್ದ ಕುಲದ ಹೆಸರು. ಚಿನ್ನದ ಗಣಿಯಿಂದ ಟಿಬಿ ಹೊತ್ತು ಬಂದು ಅಪ್ಪ ಸತ್ತು ಮೂವತ್ತೊಂದು ವರ್ಷ.
"ನಾನಮ್ಮಾ, ಮಂಗಲಿಸೊ."
"ಸುಳ್ಳು ಹೇಳ್ಬೇಡ. ಆ ಕೆಮ್ಮಿನ ಪಕ್ಕ ಹನ್ನೊಂದು ವರ್ಷ ಮಲಗಿದೀನಿ, ನಂಗೊತ್ತಾಗಲ್ವಾ?"
ಆಗ ಅದೇ ಕೋಣೆಯಲ್ಲಿ ನಾನೂ ಮಲಗುತ್ತಿದ್ದೆ. ಅಪ್ಪನ ಉಸಿರು ಇಷ್ಟು ಕಾಲ ನನ್ನೆದೆಯಲ್ಲೇ ಕೂತಿತ್ತೇ… ಈ ಮಾತ್ರೆಗಳಿಂದ ಮೈಯ ಕಾವಲು ಸಡಿಲಾಗಲೆಂದು ಕಾಯುತ್ತಾ?

ಜೂನ್ ೨೮
ವುಯೆಲ್ವಾ ಬಂದಳು. "ಅಪ್ಪ ಕರೀತಿದಾರೆ ಅಂತ ಅಮ್ಮ ಸತ್ತ ಹಿರಿಯರಿಗೆ ಜೋಳದ ಬಿಯರ್ ಎಡೆ ಇಡೋಕೆ ಹೊರಟಿದಾಳೆ. ನೀನೂ ನಂಬ್ತೀಯೇನಣ್ಣಾ? ಕಿಡ್ನಿ ಕೊಟ್ಟಿದ್ದು ನಿಂಗೆ, ಅಪ್ಪನಿಗಲ್ಲ. ಆಸ್ಪತ್ರೆಗೆ ಹೋಗ್ತೀಯೋ ಇಲ್ವೋ?"
"ಬರೀ ಶೀತ ಕಣೇ!" ಗರ್ಜಿಸಿದೆ. ಕೊನೆಯ ಅಕ್ಷರಕ್ಕೆ ಉಸಿರು ಸಾಲಲಿಲ್ಲ.

ಜುಲೈ ೧೯, ಸಂಜೆ
ಮೂರು ವಾರ ಬರೆಯಲಿಲ್ಲ. ಸೊರಗಿದ್ದೇನೆ, ನನ್ನ ಅಂಗಿಯೊಳಗೆ ಇನ್ನೊಬ್ಬ ಹಿಡಿಯುತ್ತಾನೆ.
ಇಂದು ಕೆಮ್ಮಿದೆ. ಗೋಡೆಯಾಚೆಯಿಂದ ಉತ್ತರ ಬಂತು. ಎರಡು ಗಿಡ್ಡ, ಒಂದು ಉದ್ದ.
ಓಡಿದೆ. ಅಮ್ಮ ಒಬ್ಬಳೇ. ಬಾಯಿಗೆ ಕರವಸ್ತ್ರ. ಅದರಲ್ಲಿ ಕೆಂಪು. ಮದುವಣಗಿತ್ತಿಯಂತೆ ನಗುತ್ತಿದ್ದಳು. "ಆಗ ನಿಮ್ಮಪ್ಪ ಈ ಕೆಮ್ಮು ನಂಗೆ ಕೊಟ್ಟಿರ್ಲಿಲ್ಲ ಕಣೋ. ಈಗ ಕೊಟ್ರು ನೋಡು."
ಅಪ್ಪನಲ್ಲ. ಕೊಟ್ಟವನು ನಾನು.
ಕಿಡ್ನಿ ಹೋದರೆ ಹೋಗಲಿ. ನಾಳೆ ಬೆಳಿಗ್ಗೆ ಆರಕ್ಕೆ ಅಮ್ಮನ ಕೈ ಹಿಡಿದು ಆಸ್ಪತ್ರೆಗೆ ಹೋಗುತ್ತೇನೆ. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಹೇಳುತ್ತೇನೆ, ಆರು ವಾರದಿಂದ ನಾನು ಕೆಮ್ಮುತ್ತಿದ್ದೇನೆ, ನಿಮಗೆ ಸುಳ್ಳು ಹೇಳಿದೆ ಎಂದು.