ಅವ್ವನ ಮೊಣಕಾಲು, ಬ್ಯಾಂಕಿನ ಮಿಕ್ಸರ್

ಸೋಮೇಶ,

ನಿನ್ನ ಕಾರ್ಡು ಈ ಚೀಟಿ ಕೆಳಗ ಐತಿ, ನಾ ಒಯ್ದಿಲ್ಲ. ನಿಮ್ಮವ್ವನ ಮೊಣಕಾಲಿನ ಆಪರೇಷನ್ನಿಗೆ ರೊಕ್ಕ ಕಟ್ಟಾಕ ಗದಗಿಗೆ ಹೊಂಟೇನಿ.

ಕಾರ್ಡಿನಿಂದ ಕಟ್ಟಿದರ ಪಾಯಿಂಟ್ ಬರತಾವ, ಅದರಾಗ ಮಿಕ್ಸರ್ ಪುಕ್ಕಟೆ ಸಿಗತೈತಿ ಅಂದಿದ್ದಿ. ಕಾರ್ಡಾದ್ರ ನೂರಕ್ಕ ಎರಡು ರೂಪಾಯಿ ಹೆಚ್ಚಿಗೆ ಅಂತ ಆಸ್ಪತ್ರಿಯವರು ಅಂತಾರ. ಹಂಗಾದ್ರ ಪುಕ್ಕಟೆ ಕೊಡೋರು ಬ್ಯಾಂಕಿನವರೋ ನಾವೋ, ಎಷ್ಟು ವಿಚಾರ ಮಾಡಿದ್ರೂ ನನಗ ತಿಳೀವಲ್ದು. ಮೂರು ವರ್ಷ ಆಪರೇಷನ್ ಒಲ್ಲೆ ಅಂದಾಕಿ ಮಿಕ್ಸರ್ ಹೆಸರು ಕೇಳಿ ಹೂಂ ಅಂದಾಳ. ಅದೂ ತಿಳೀವಲ್ದು.

ತಿಳಿಯೂತನಕ ಕುಂತ್ರ ಆಕಿ ಮನಸ್ಸು ತಿರಗತೈತಿ. ಅದಕ್ಕ ನಗದು ಕಟ್ಟಿ, ಬರುವಾಗ ಬಜಾರದಾಗ ಒಂದು ಮಿಕ್ಸರ್ ತರತೇನಿ. ಬ್ಯಾಂಕಿನವರು ಕೊಟ್ರು ಅಂತ ಹೇಳಿ ನೀನೇ ಆಕಿ ಕೈಯಾಗ ಕೊಡು. ನಾ ಕೊಟ್ಟರ ಬೆಲೆ ಕೇಳತಾಳ, ಕೇಳಿದ ಮ್ಯಾಲೆ ಮಿಕ್ಸರ್, ಆಪರೇಷನ್ ಎರಡೂ ವಾಪಸ್ ಮಾಡಿ ಬಾ ಅಂತಾಳ.

ಅಪ್ಪ