ಸೋರಿದ ಮಹಡಿ, ತೀರಿದ ಸಾಲ

ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು,
ಮೇ ೧೮, ಶನಿವಾರ ಬೆಳಿಗ್ಗೆ

ನನ್ನ ಹಡಗಿನ ಅಡುಗೆಯವರಿಗೆ, ನೆಲದ ಮೇಲಿರುವ ನಿಮ್ಮವಳ ಪ್ರೀತಿ.

ಹೇಗಿದ್ದೀರಿ? ಸೊಂಟನೋವು ಹೇಗಿದೆ? ಹಡಗು ಓಲಾಡುವಾಗ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಸೌಟು ಹಿಡಿದು ಒಲೆ ಮುಂದೆ ನಿಲ್ಲುತ್ತೀರಂತಲ್ಲ, ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಣ್ಣೆ ಹಚ್ಚಿಕೊಳ್ಳಿ; "ನಾಳೆ ಹಚ್ಚಿದರಾಯಿತು" ಅನ್ನಬೇಡಿ, ನಿಮ್ಮ ನಾಳೆ ನನಗೆ ಗೊತ್ತಿಲ್ಲವೇ? ನಾನು ಚೆನ್ನಾಗಿದ್ದೇನೆ. ಹೊಲಿಗೆ ಅಂಗಡಿಯಲ್ಲಿ ಕೈತುಂಬ ಕೆಲಸ. ಮಗಳು ವಾರಕ್ಕೊಮ್ಮೆ ಬಂದು, ನನ್ನ ಅಡುಗೆಗೆ ಹೆಸರಿಟ್ಟು, ಪಾತ್ರೆ ಬಳಿದು ತಿಂದು ಹೋಗುತ್ತಾಳೆ.

ಈಗ ಸುದ್ದಿ. ಮಂಗಳವಾರ ಮನೆಸಾಲದ ಕೊನೆಯ ಕಂತು ಕಟ್ಟಿ ಬಂದೆ ರೀ! ಬ್ಯಾಂಕಿನ ಹುಡುಗಿ "ಮುಗೀತಮ್ಮ, ಇನ್ನು ನೀವು ಇಲ್ಲಿಗೆ ಬರಬೇಕಾಗಿಲ್ಲ" ಅಂದಳು. ಇಷ್ಟು ವರ್ಷ ಅವಳ ಮುಂದೆ ಮುಖ ಗಂಟಿಕ್ಕಿಕೊಂಡು ನಿಲ್ಲುತ್ತಿದ್ದವಳು ಅವತ್ತು ಕೌಂಟರಿನ ಈಚೆಯಿಂದಲೇ ಕೈಚಾಚಿ ತಬ್ಬಿಕೊಂಡುಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ಕಣ್ಣು ಬಾಯಿ ಬಿಟ್ಟು ನೋಡಿದರು. ನೋಡಲಿ ಬಿಡಿ. ನಾವಿರುವ ಕೆಳಮನೆ, ಬಾಡಿಗೆಗೆ ಕೊಟ್ಟ ಮೇಲ್ಮಹಡಿ, ಎರಡೂ ಈಗ ಪೂರ್ತಿ ನಮ್ಮದು.

ಮೊದಲ ವರ್ಷ ನೆನಪಿದೆಯಾ? ಆ ಫೋಟೋಗ್ರಾಫರನ ಸವಿಮಾತಿಗೆ ಮರುಳಾಗಿ, ಅವನ ಹಿಂದಿನ ಮನೆಯೊಡೆಯರನ್ನು ಒಂದು ಮಾತೂ ವಿಚಾರಿಸದೆ ಮಹಡಿಯ ಕೀಲಿ ಕೊಟ್ಟೆವು. ನಮ್ಮಿಬ್ಬರ ಚೆಂದದ ಫೋಟೋ ತೆಗೆದುಕೊಟ್ಟು, ಬಾಡಿಗೆ ಕೊಡದೆ ಕಂಬಿ ಕಿತ್ತ. ಆಮೇಲೆ ಹೆಚ್ಚಿನ ಬಾಡಿಗೆಗೆ ಕಾದು ಕಾದು ಚಳಿಗಾಲವಿಡೀ ಮಹಡಿ ಖಾಲಿ. ಖಾಲಿ ಮನೆಗೂ ಕಂತು ಕಟ್ಟಬೇಕು ಅನ್ನುವುದು ಆಗಲೇ ತಲೆಗೆ ಹತ್ತಿದ್ದು. ಅದಕ್ಕೇ ಈಗ ಮೇಲಿರುವ ನರ್ಸ್ ತನ್ನ ಅಪ್ಪನನ್ನು ಕರೆದುಕೊಂಡು ಬಂದಾಗ, ಅವಳ ಬಗ್ಗೆ ನಾಲ್ಕು ಕಡೆ ವಿಚಾರಿಸಿ, ಬಾಡಿಗೆ ಸ್ವಲ್ಪ ಇಳಿಸಿಯೇ ಕೊಟ್ಟೆ. ಬಾಡಿಗೆ ಇಳಿಸಿದ್ದಕ್ಕೆ ನಿಮ್ಮ ತಮ್ಮನಿಗೆ ಹೊಟ್ಟೆ ಉರಿದುಹೋಯಿತು. "ಅತ್ತಿಗೆ, ಈ ಮನೆ ಮೇಲೆ ಇನ್ನಷ್ಟು ಸಾಲ ಎತ್ತಿ ಇನ್ನೊಂದು ಮನೆ ತಗೊಳ್ಳಿ, ಬಾಡಿಗೇನೇ ಸಾಲ ತೀರಿಸುತ್ತೆ" ಅಂತ ಬೇರೆ. "ಖಾಲಿ ಬಿದ್ದರೆ ಯಾರಪ್ಪ ತೀರಿಸೋದು, ನೀನಾ?" ಅಂದೆ. ಚಹಾ ಕುಡಿದು ಎದ್ದುಹೋದ.

ಕಳೆದ ತಿಂಗಳು ಏನಾಯಿತು ಗೊತ್ತೇ? ಮೇಲಿನ ಬಚ್ಚಲಿನ ಪೈಪು ಒಡೆದು, ಅವರ ಕೋಣೆಯೆಲ್ಲ ನೀರು, ನಮ್ಮ ಹಾಸಿಗೆ ಮೇಲೂ ತೊಟ್ಟಿಕ್ಕತೊಡಗಿತು. ಆದರೆ ಪ್ರತಿ ಬಾಡಿಗೆಯಲ್ಲೂ ರಿಪೇರಿಗೆಂದು ಒಂದು ಪಾಲು ಎತ್ತಿಡುತ್ತಾ ಬಂದಿದ್ದೆನಲ್ಲ, ನಮ್ಮ ಮುಪ್ಪಿನ ಉಳಿತಾಯ ಮುಟ್ಟದೆಯೇ ಪ್ಲಂಬರನನ್ನು ಅವತ್ತೇ ಕರೆಸಿದೆ. ಗೋಡೆ ಒಣಗುವವರೆಗೆ ಅಪ್ಪ ಮಗಳು ನಮ್ಮ ಹಾಲ್‌ನಲ್ಲೇ ಮಲಗಿದರು. ಆ ಅಜ್ಜ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ನಿದ್ದೆಗಣ್ಣಲ್ಲಿ "ಒಳಗೆ ಸರೀರಿ, ಒಳಗೆ ಸರೀರಿ!" ಅಂತ ಕೂಗುತ್ತಿದ್ದರು. ನಾನೂ ಒಮ್ಮೆ ಗೋಡೆಗೆ ಸರಿದು ಮಲಗಿದೆ! ಮತ್ತೆ ಮೇಲಕ್ಕೆ ಹೊರಡುವಾಗ ನರ್ಸ್ ನನ್ನ ಕೈ ಹಿಡಿದು, "ಅಕ್ಕಾ, ನೀವು ಹೋಗಿ ಅನ್ನೋವರೆಗೂ ನಾವು ಈ ಮನೆ ಬಿಡಲ್ಲ" ಅಂದವಳು, ಮೂರು ವರ್ಷದ ಕರಾರು ಮಾಡಿಕೊಂಡು, ತಾನಾಗಿಯೇ ಬಾಡಿಗೆ ಏರಿಸಿದಳು. ಇಂಥ ಬಾಡಿಗೆಯವರು ಎಲ್ಲಿ ಸಿಗುತ್ತಾರೆ ಹೇಳಿ! ನಿಮ್ಮ ತಮ್ಮನಿಗೆ ಇನ್ನೂ ಹೇಳಿಲ್ಲ; ಎದುರಿಗೇ ಕೂರಿಸಿಕೊಂಡು ಹೇಳಬೇಕು, ಮುಖ ನೋಡಲಿಕ್ಕೆ.

ಹೊತ್ತುಹೊತ್ತಿಗೆ ಊಟ ಮಾಡಿ. ಊರಿಗೆಲ್ಲ ಬಡಿಸಿ ನೀವು ತಣ್ಣಗಾದದ್ದು ತಿನ್ನಬೇಡಿ. ಹಡಗಿನಲ್ಲಿ ಕೆಲಸ ಮಾಡುವ ಹುಡುಗರಿಗೆಲ್ಲ ನನ್ನ ಆಶೀರ್ವಾದ ತಿಳಿಸಿ.

ಯಾವತ್ತಿಗೂ ನಿಮ್ಮ,
ಟೈಲರಮ್ಮ

ಅಂಚೆ ಎತ್ತುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ: ಮುಂದಿನ ತಿಂಗಳು ಹಡಗಿನ ಕಂಪನಿಯವರು ಇನ್ನೆರಡು ವರ್ಷದ ಕೆಲಸಕ್ಕೆ ಸಹಿ ಕೇಳುತ್ತಾರಲ್ಲ, ಹಾಕಬೇಡಿ. ಬಾಡಿಗೆ, ನಿಮ್ಮ ಪಿಂಚಣಿ, ಕೂಡಿಟ್ಟದ್ದು ಎಲ್ಲ ಸೇರಿಸಿ ಮಗಳೂ ನಾನೂ ಲೆಕ್ಕ ಹಾಕಿ ನೋಡಿದೆವು. ಸಾಕು ರೀ. ಇಬ್ಬರಿಗೂ ಸಾಕು. ಮನೆಗೆ ಬನ್ನಿ.