ಉಪ್ಪಿಲ್ಲದ ಬ್ರೆಡ್ಡಿಗೆ ಹೊಗಳಿಕೆ

ಬೇಕರಿಯ ಹಿಂದಿನ ಕೋಣೆ
ಹತ್ತನೇ ತಾರೀಕು, ಭಾನುವಾರ ಮಧ್ಯಾಹ್ನ

ನೀರಿನ ಮೇಲೆ ಮನೆ ಮಾಡಿಕೊಂಡಿರುವ ನನ್ನ ಮುದ್ದು ಪುಟ್ಟನಿಗೆ,

ಹೇಗಿದ್ದೀಯಪ್ಪಾ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಬೆವರುಸಾಲೆ ಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಎಂದಿನಂತೆ ನಿಂತುಕೊಂಡೇ ಬಾಯಿಗೆ ಹಾಕಿಕೊಂಡು ಓಡುತ್ತೀಯೋ? ನನ್ನ ಮಂಡಿನೋವು ನನ್ನ ಜೊತೆಗೇ ಇದೆ, ಅದರ ಮಾತು ಬಿಡು. ಫೋನಿನಲ್ಲಿ ಹೇಳುವುದು ಬಿಟ್ಟು ಅಮ್ಮ ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯೇನೋ. ನೀನು ಫೋನ್ ಮಾಡಿದಾಗಲೆಲ್ಲ ನಿನ್ನ ಹೆಂಡತಿ ನನ್ನ ಪಕ್ಕದಲ್ಲೇ ಇರುತ್ತಾಳೆ, ಹೇಳಬೇಕಾಗಿರುವುದು ಅವಳ ವಿಷಯವೇ. ಗಾಬರಿಯಾಗದೆ ಪೂರ್ತಿ ಓದು. ಹೋದ ವಾರ ಅವಳು ಅಟ್ಟದ ಮೇಲಿದ್ದ ಸೂಟ್‌ಕೇಸ್ ಇಳಿಸಿ ಬಟ್ಟೆ ತುಂಬಿದಳು. ತಿಂಗಳ ಕೊನೆಗೆ ತವರಿಗೆ ಹೋಗುತ್ತಾಳಂತೆ. ವಾಪಸ್ಸು ಯಾವಾಗಮ್ಮಾ ಎಂದು ಕೇಳಿದರೆ "ನೋಡೋಣ ಅತ್ತೆ" ಅಂದಳು. ಆ "ನೋಡೋಣ" ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಮೊದಲಿನಿಂದಲೇ ಹೇಳುತ್ತೇನೆ ಕೇಳು. ನೀನೇನೋ ಬೇರೆ ದೇಶದ ಹುಡುಗಿಯನ್ನು ಕಟ್ಟಿಕೊಂಡು ಬಂದೆ, ನನ್ನ ಕೈಗೊಪ್ಪಿಸಿ ಹಡಗು ಹತ್ತಿದೆ. ಹುಡುಗಿ ಚುರುಕು. ಆ ಹೊಸ ಭಟ್ಟಿಯ ಗುಂಡಿಗಳು ನನಗೆ ಅರ್ಥವಾಗುವಷ್ಟರಲ್ಲಿ ಅವಳು ನಮ್ಮ ಭಾಷೆಯನ್ನೇ ಕಲಿತುಬಿಟ್ಟಳು. ಆದರೆ ಆ ಬಾಯಿ! ಮೊದಲ ದಿನ ಅಕ್ಕರೆಯಿಂದ ಬಿಸಿ ಬ್ರೆಡ್ಡು ತಂದು ಮುಂದಿಟ್ಟೆ. ಅದನ್ನು ಮಗುಚಿ, ಬೆರಳ ಗೆಣ್ಣಿನಿಂದ ತಳ ತಟ್ಟಿ, ಕಿವಿಗೊಟ್ಟು ಕೇಳಿದಳು. ಮುರಿದು ಮೂಸಿದಳು. ಕಣ್ಣು ಮುಚ್ಚಿ ಅಗಿದಳು. ಆಮೇಲೆ "ಒಳಗೆ ಇನ್ನೂ ಹಸಿ ಇದೆ ಅತ್ತೆ, ಬೇಗ ತೆಗೆದುಬಿಟ್ಟಿದ್ದೀರ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆಯಲ್ಲಿ ಇಂಥದ್ದು ಎಲ್ಲಿತ್ತು ಹೇಳು. ನಿಮ್ಮಪ್ಪ ಬದುಕಿದ್ದಷ್ಟು ದಿನ ನಾನು ಕರಕಲು ಮಾಡಿದ ಬಿಸ್ಕತ್ತನ್ನೂ "ಇವತ್ತು ಗರಿಗರಿಯಾಗಿದೆ ಕಣೇ" ಎನ್ನುತ್ತ ತಿನ್ನುತ್ತಿದ್ದರು. ಅದು ಕರಕಲು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು, ಅದರಲ್ಲೇ ನಮ್ಮ ಸಂಸಾರ ಸುಖವಾಗಿ ನಡೆಯಿತು.

ಇವಳದು ದಿನಕ್ಕೊಂದು ತಕರಾರು. ಬನ್ನಿಗೆ ಹಾಲು ಸಾಲದು, ಹಿಟ್ಟು ನಾದಿದ್ದು ಸಾಲದು, ನನ್ನ ಏಪ್ರನ್ನಿನ ಜೇಬು ಕಿತ್ತಿದೆ. ಒಂದು ದಿನ ಪಕ್ಕದ ದರ್ಜಿಯ ಹೆಂಡತಿ ಕೇಕು ಕೊಳ್ಳಲು ಬಂದು ನಿಂತಿದ್ದಾಳೆ, ಅವಳ ಎದುರಿಗೇ "ಅತ್ತೆ, ಈ ಕೇಕು ಒಣಗಿದೆ" ಅಂದುಬಿಟ್ಟಳು. ನನಗೆ ಎಲ್ಲಿತ್ತೋ ಸಿಟ್ಟು. "ನನಗೆ ಕಲಿಸೋಕೆ ಬರಬೇಡ. ಇಷ್ಟವಾದ್ರೆ ತಿನ್ನು, ಇಲ್ಲಾಂದ್ರೆ ಸುಮ್ನಿರು" ಅಂದೆ. ಮಾರನೆಯ ದಿನದಿಂದ ಏನು ಕೊಟ್ಟರೂ "ತುಂಬಾ ಚೆನ್ನಾಗಿದೆ ಅತ್ತೆ", ಜೊತೆಗೊಂದು ನಗು. ನಾನು ಹಿರಿಹಿರಿ ಹಿಗ್ಗಿದೆ. ಸೊಸೆ ದಾರಿಗೆ ಬಂದಳು ಎಂದು ದರ್ಜಿಯ ಹೆಂಡತಿಯ ಹತ್ತಿರ ಕೊಚ್ಚಿಕೊಂಡಿದ್ದೂ ಆಯಿತು.

ಅಷ್ಟರಲ್ಲಿ ನಿನ್ನ ಅತ್ತೆ, ನನ್ನ ಬೀಗಿತ್ತಿ, ಮಗಳನ್ನು ನೋಡಲು ಬಂದರಲ್ಲ. ಒಳಗೆ ಕಾಲಿಟ್ಟವರೇ ಶುರು ಮಾಡಿದರು. ಸೊರಗಿದ್ದೀಯ, ಈ ಬಣ್ಣ ನಿನಗೆ ಒಪ್ಪಲ್ಲ, ಉಗುರಿನಲ್ಲೆಲ್ಲ ಹಿಟ್ಟು. ಮಗಳು ಒಂದೊಂದನ್ನೂ ನನಗೆ ನಮ್ಮ ಭಾಷೆಯಲ್ಲಿ ಹೇಳುತ್ತ ಬಿದ್ದು ಬಿದ್ದು ನಗುತ್ತಿದ್ದಳು. ತಾನೂ ಬಿಡಲಿಲ್ಲ, ಅಮ್ಮನ ಚಪ್ಪಲಿ ನೋಡಿ ಆಡಿಕೊಂಡಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಎಷ್ಟೋ ದಿನದಿಂದ ನೋಡಿರಲಿಲ್ಲ. ಬೀಗಿತ್ತಿ ನನ್ನ ಕಡೆ ತಿರುಗಿ, ತಟ್ಟೆಯಲ್ಲಿ ಅರ್ಧಕ್ಕರ್ಧ ಬಿಟ್ಟಿದ್ದ ಬ್ರೆಡ್ಡು ತೋರಿಸಿ, ಕಲಿತುಕೊಂಡು ಬಂದಿದ್ದ ನಾಲ್ಕು ಮಾತಿನಲ್ಲಿ "ತುಂಬಾ ಚೆನ್ನಾಗಿದೆ" ಅಂದರು. ಮುಖದಲ್ಲಿ ಅದೇ ನಗು, ಮಗಳದೇ ನಗು. ಆಗಲೂ ಈ ಮಂಕು ತಲೆಗೆ ಏನೂ ಹೊಳೆಯಲಿಲ್ಲ.

ಅವರು ಹೋದ ಮೇಲೆಯೇ ಸೂಟ್‌ಕೇಸ್ ಇಳಿದದ್ದು. ಅದರ ಮರುದಿನ ಬೆಳಿಗ್ಗೆ ಹಾಲಿನವನು ಬಂದ. ಅವನ ಹಾಲು ನಿನಗೆ ಗೊತ್ತೇ ಇದೆ, ನೀರಿಗೆ ಬಣ್ಣ ಬಂದಿದೆ ಅಷ್ಟೇ. ಅವನೇನೋ ಕೇಳಿದ, ನಿನ್ನ ಹೆಂಡತಿ ನಗುತ್ತ "ಹಾಲು ತುಂಬಾ ಚೆನ್ನಾಗಿದೆ" ಅಂದಳು. ಆಗ ಹೊಳೆಯಿತು ಪುಟ್ಟಾ. ಅವಳ ಲೆಕ್ಕದಲ್ಲಿ ನಾನೂ ಹಾಲಿನವನೂ ಒಂದೇ ಸಾಲಿನಲ್ಲಿ ನಿಂತಿದ್ದೆವು.

ಅವತ್ತು ಬೇಕೆಂದೇ ಒಂದು ಬ್ರೆಡ್ಡಿಗೆ ಉಪ್ಪು ಹಾಕಲಿಲ್ಲ. ಬೇಯಿಸಿ, ತಣಿಸಿ, ಕುಯ್ದು ಕೊಟ್ಟೆ. ಅವಳು ತಳ ತಟ್ಟಲಿಲ್ಲ, ಮೂಸಲಿಲ್ಲ. ತಿಂದು "ತುಂಬಾ ಚೆನ್ನಾಗಿದೆ ಅತ್ತೆ" ಅಂದಳು. ಉಪ್ಪಿಲ್ಲ ಅಂತ ಗೊತ್ತಾಗಲಿಲ್ವಾ ಎಂದು ಕೇಳಿದೆ. "ಗೊತ್ತಾಯ್ತು" ಅಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದರೆ, ತಲೆ ತಗ್ಗಿಸಿ ಮೆಲ್ಲಗೆ ಅಂದಳು: "ನಮ್ಮ ಕಡೆ ತಪ್ಪು ಹೇಳೋದು ನಮ್ಮವರಿಗೆ ಮಾತ್ರ ಅತ್ತೆ. ಹೊರಗಿನವರಿಗೆ ಎಲ್ಲಾ ಚೆನ್ನಾಗಿದೆ ಅಂತೀವಿ. ನೀವು ಹೇಳಬೇಡ ಅಂದ್ರಲ್ಲ, ನಾನು ಹೊರಗಿನವಳು ಅಂತ ತಿಳ್ಕೊಂಡೆ."

ಸಮಾಧಾನ ಮಾಡಲು ನನ್ನ ಬಾಯಿಗೆ ಬಂದದ್ದು ಬರೀ ಹೊಗಳಿಕೆ. ನೀನು ಬಂಗಾರದಂಥವಳಮ್ಮಾ ಎಂದು ಹೇಳಹೊರಟು ನಾಲಿಗೆ ಕಚ್ಚಿಕೊಂಡೆ. ಅವಳಿಗೆ ಬೇಕಾಗಿದ್ದು ಅದಲ್ಲ. ಒಂದು ತಪ್ಪು ಹುಡುಕೋಣವೆಂದರೆ ಆ ಹುಡುಗಿಯ ಕೆಲಸದಲ್ಲಿ ತಪ್ಪು ಸಿಕ್ಕರೆ ತಾನೇ? ಟ್ರೇ ಟ್ರೇ ಹುಡುಕಿದೆ. ಕೊನೆಗೆ ಸಿಕ್ಕಿತು. "ಏನಮ್ಮಾ ಇದು, ಬನ್ನು ಒಂದು ದೊಡ್ಡದು ಒಂದು ಚಿಕ್ಕದು? ಗಿರಾಕಿಗಳು ದೊಡ್ಡದನ್ನೆಲ್ಲ ಆರಿಸ್ಕೊಂಡು ಹೋಗ್ತಾರೆ, ಚಿಕ್ಕದನ್ನ ನಾನೂ ನೀನೂ ಕೂತು ತಿನ್ನಬೇಕು" ಅಂದೆ. ಹಿಟ್ಟಿನಲ್ಲಿ ಕೈಯಿಟ್ಟುಕೊಂಡೇ ಅವಳು ನನ್ನನ್ನು ನೋಡಿದಳು. ಮೊದಲು ನಕ್ಕಳು, ಆಮೇಲೆ ಅತ್ತಳು. ಆಮೇಲೆ ಕೈ ಒರೆಸಿಕೊಂಡು ಶುರು ಮಾಡಿದಳು ನೋಡು, ಇಷ್ಟು ದಿನ ಕಟ್ಟಿಟ್ಟಿದ್ದ ತಪ್ಪುಗಳನ್ನೆಲ್ಲ ಸುರಿದಳು. ಒಂದಾದರೂ ಸುಳ್ಳು ಎನ್ನೋಣವೆಂದರೆ ಎಲ್ಲವೂ ನಿಜ.

ಈಗ ನಾವು ಬೆಳಿಗ್ಗೆಯಿಂದ ಸಂಜೆಯವರೆಗೆ ಕಚ್ಚಾಡುತ್ತೇವೆ. ಬ್ರೆಡ್ಡು ಎಷ್ಟು ಚೆನ್ನಾಗಿ ಬರುತ್ತಿದೆ ಗೊತ್ತಾ? ತಳ ತಟ್ಟಿದರೆ ಟೊಣ್ ಟೊಣ್ ಎನ್ನುತ್ತದೆ, ಆ ಸದ್ದು ಕೇಳುವುದನ್ನು ಅವಳೇ ನನಗೆ ಕಲಿಸಿದಳು. ಭಟ್ಟಿಯ ಮುಂದೆಯೇ ತಲೆ ಹಣ್ಣಾದ ನನಗೆ! ನಮ್ಮ ರೀತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಿಮ್ಮಪ್ಪನ "ಗರಿಗರಿ" ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಪರದೇಶದಲ್ಲಿ, ಗಂಡ ಹತ್ತಿರವಿಲ್ಲದೆ, ಅತ್ತೆಯ ಮುಖಕ್ಕೇ ಬ್ರೆಡ್ಡು ಹಸಿ ಎಂದು ಹೇಳುವುದಕ್ಕೆ ಎಷ್ಟು ಧೈರ್ಯ ಬೇಕು, ಎಷ್ಟು ಪ್ರೀತಿ ಬೇಕು ಎಂದು ಯೋಚಿಸಿದೆ. ಆ ಹುಡುಗಿ ಬಂದ ದಿನವೇ ನನ್ನನ್ನು ತನ್ನವಳು ಎಂದುಕೊಂಡಿದ್ದಳು. ನನಗೆ ಅವಳ ಮೇಲೆ ತುಂಬಾ ಅಭಿಮಾನ ಬಂದಿದೆ, ಅದನ್ನು ಅವಳಿಗೆ ಹೇಳುವ ಹಾಗಿಲ್ಲ, ನಿನಗೆ ಹೇಳುತ್ತಿದ್ದೇನೆ. ಸೂಟ್‌ಕೇಸ್ ಮಾತ್ರ ಇನ್ನೂ ಬಾಗಿಲ ಪಕ್ಕದಲ್ಲೇ ಇದೆ.

ಮೈ ಕಡೆ ಗಮನವಿರಲಿ. ನಿನ್ನ ಇಂಜಿನ್ನೂ ನೀನೂ ತಣ್ಣಗಿರಿ.

ನಿನ್ನನ್ನು ಹೆತ್ತು, ಹೊಗಳಿ ಹೊಗಳಿ ಕೆಡಿಸಿದ
ಅಮ್ಮ

ಮರೆತ ವಿಷಯ: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಈಗ ತಾನೇ ಟೀ ತಂದುಕೊಟ್ಟಳು. ನಮ್ಮಿಬ್ಬರದು ಸರಿಹೋಯಿತಲ್ಲ, ಸೂಟ್‌ಕೇಸ್ ಯಾಕಮ್ಮಾ ಎಂದು ಕೇಳಿಯೇಬಿಟ್ಟೆ. "ಮದುವೆಗೆ ಮುಂಚೆ ಅವರು ನನ್ನ ಜೊತೆ ಜಗಳ ಆಡ್ತಿದ್ರು ಅತ್ತೆ. ಈಗ ಏನು ಕೇಳಿದ್ರೂ ಸೂಪರ್ ಅಂತಾರೆ" ಅಂದಳು. ಮೊನ್ನೆ ಕೂದಲಿನ ಫೋಟೋ ಕಳಿಸಿದ್ದಳಲ್ಲ, ಆ ಕೂದಲನ್ನು ಬೇಕೆಂದೇ ಅಡುಗೆಮನೆ ಕತ್ತರಿಯಲ್ಲಿ ಅಂಕುಡೊಂಕಾಗಿ ಕತ್ತರಿಸಿಕೊಂಡಿದ್ದಳಂತೆ, ನೀನು ಏನನ್ನುತ್ತೀಯ ನೋಡೋಣ ಎಂದು. ನೀನು ಅದಕ್ಕೂ ಸೂಪರ್ ಅಂದೆಯಂತೆ. ದಡ್ಡಾ, ಅದು ಅವಳ ಉಪ್ಪಿಲ್ಲದ ಬ್ರೆಡ್ಡು. ಟಿಕೆಟ್ ತಿಂಗಳ ಕೊನೆಗಿದೆ, ಅದಕ್ಕೆ ಮುಂಚೆ ನಿನ್ನ ಹಡಗು ದಡ ಮುಟ್ಟುತ್ತದೆ, ಆ ಬಂದರಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ಈ ಕಾಗದ ಸಿಕ್ಕ ಕೂಡಲೇ ಫೋನ್ ಮಾಡು. ಕ್ಷೇಮ ಸಮಾಚಾರ ಏನೂ ಬೇಡ, ಮೊದಲ ಮಾತೇ ಆ ಕೂದಲು ಚೆನ್ನಾಗಿಲ್ಲ ಅನ್ನು.